ಖಗೋಳ ಛಾಯಾಗ್ರಹಣದ ಕ್ಯಾಮೆರಾಗಳಲ್ಲಿ ಯುಎಸ್‌ಬಿ ವಿದ್ಯುತ್ ಮತ್ತು ಸಂಪರ್ಕ ದೋಷಗಳು: ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯನ್ನು ಅನುಲಕ್ಷಿಸಿ ಒಂದು ವಿವೇಚನೆ

ಪೀಠಿಕೆ

ಆಕಾಶಕಾಯಗಳ ಚಿತ್ರಗ್ರಹಣವು ಕಳೆದ ಎರಡು ದಶಕಗಳಲ್ಲಿ ವೇಧಶಾಲೆಗಳ ಗೋಡೆಗಳನ್ನು ದಾಟಿ ಹವ್ಯಾಸಿಗಳ ಮನೆಯ ತಾರಸಿಗೂ ಹೊಲದ ಬದುವಿಗೂ ಬಂದು ನಿಂತಿದೆ. 1969ರಲ್ಲಿ ವಿಲಾರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದ ಸಿಸಿಡಿ ಸಂವೇದಕವು ಫೋಟೋಗ್ರಫಿಯ ಗಾಜಿನ ಫಲಕವನ್ನು ಹಿಂದೆ ಸರಿಸಿತು. ಆ ಸಾಧನೆಗಾಗಿ ಅವರಿಗೆ 2009ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಅನಂತರ ಬಂದ ಸಿಮಾಸ್ ಸಂವೇದಕಗಳು ಬೆಲೆಯನ್ನು ಇಳಿಸಿ ವೇಗವನ್ನು ಹೆಚ್ಚಿಸಿದವು. ಇಂದು ಅಂಗೈಯಲ್ಲಿ ಹಿಡಿಯಬಹುದಾದ, ತನ್ನನ್ನು ತಾನೇ ತಂಪಾಗಿಸಿಕೊಳ್ಳುವ ಕ್ಯಾಮೆರಾವೊಂದು ಹಿಂದಿನ ತಲೆಮಾರಿನ ದೊಡ್ಡ ವೇಧಶಾಲೆಗಳ ಉಪಕರಣಗಳಿಗೆ ಹೋಲಿಸಬಹುದಾದ ಚಿತ್ರಗಳನ್ನು ನೀಡಬಲ್ಲದು.

ಆದರೆ ಈ ಕ್ಯಾಮೆರಾಗಳೆಲ್ಲವೂ ಒಂದು ಸಾಮಾನ್ಯ ದೌರ್ಬಲ್ಯವನ್ನು ಹೊತ್ತಿವೆ. ಅವು ಗಣಕಯಂತ್ರದ ನೆರವಿಲ್ಲದೆ ಕೆಲಸ ಮಾಡಲಾರವು. ಗಣಕಕ್ಕೂ ಅವಕ್ಕೂ ನಡುವಿನ ಕೊಂಡಿ ಒಂದು ಯುಎಸ್‌ಬಿ ಕೇಬಲ್ ಮಾತ್ರ. ಆ ಕೊಂಡಿ ಕ್ಷಣಕಾಲ ಕಳಚಿದರೂ ನಡೆಯುತ್ತಿದ್ದ ಚಿತ್ರಗ್ರಹಣ ಅಲ್ಲಿಗೆ ನಿಲ್ಲುತ್ತದೆ. ಕ್ಯಾಮೆರಾ ಕೆಟ್ಟಿದೆಯೆಂದು ಭಾವಿಸಿ ದೂರದ ನಗರಕ್ಕೆ ದುರಸ್ತಿಗೆ ಕಳುಹಿಸುವುದು, ಅಲ್ಲಿ ದೋಷವೇನೂ ಕಾಣದೆ ಅದು ಹಿಂದಿರುಗುವುದು, ಮರಳಿ ಹೊಲದಲ್ಲಿ ಅದೇ ತೊಂದರೆ ಮರುಕಳಿಸುವುದು ಹವ್ಯಾಸಿಗಳ ವಲಯದಲ್ಲಿ ಅಪರೂಪವಲ್ಲ. ಇಂತಹ ಪ್ರಸಂಗಗಳಲ್ಲಿ ದೋಷವಿರುವುದು ಬಹುಪಾಲು ಕ್ಯಾಮೆರಾದಲ್ಲಲ್ಲ. ಅದಕ್ಕೆ ವಿದ್ಯುತ್ತನ್ನೂ ಸಂದೇಶವನ್ನೂ ತಲುಪಿಸುವ ಮಾರ್ಗದಲ್ಲಿ. ಆ ಮಾರ್ಗದ ಸ್ವರೂಪವನ್ನು ವಿವರಿಸುವುದು, ದೋಷವನ್ನು ಅದು ತಲೆದೋರುವ ಸಮಯದಿಂದಲೇ ಗುರುತಿಸುವ ಕ್ರಮವನ್ನು ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರದೇಶ ಮತ್ತು ಅದರ ಆಕಾಶ

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳು ಉತ್ತರ ಅಕ್ಷಾಂಶ 12 ಡಿಗ್ರಿಯ ಆಸುಪಾಸಿನಲ್ಲಿವೆ. ಈ ಅಕ್ಷಾಂಶವು ವೀಕ್ಷಕನಿಗೆ ಒಂದು ವರವನ್ನೂ ಒಂದು ಕಷ್ಟವನ್ನೂ ಒಟ್ಟಿಗೆ ನೀಡಿದೆ. ದಕ್ಷಿಣ ಗೋಳದ ಶ್ರೇಷ್ಠ ಕಾಯಗಳು ಇಲ್ಲಿ ಸಾಕಷ್ಟು ಎತ್ತರಕ್ಕೆ ಏರುತ್ತವೆ. ಒಮೇಗಾ ಸೆಂಟಾರಿ ಎಂಬ ಗೋಳಾಕಾರದ ತಾರಾಗುಚ್ಛವು ದಿಗಂತದಿಂದ ಸುಮಾರು 30 ಡಿಗ್ರಿ ಮೇಲಕ್ಕೂ, ಈಟಾ ಕ್ಯಾರಿನೇ ನೀಹಾರಿಕೆಯು ಸುಮಾರು 18 ಡಿಗ್ರಿ ಮೇಲಕ್ಕೂ ಬರುತ್ತವೆ. ದೆಹಲಿಯ ವೀಕ್ಷಕನಿಗೆ ಇವೇ ಕಾಯಗಳು ಕ್ರಮವಾಗಿ 14 ಮತ್ತು 2 ಡಿಗ್ರಿಗಳಷ್ಟು ಮಾತ್ರ ಏರುತ್ತವೆ ಎಂಬುದನ್ನು ನೆನೆದರೆ ಈ ಸೀಮೆಯ ಅನುಕೂಲತೆ ಸ್ಪಷ್ಟವಾಗುತ್ತದೆ. ಕಷ್ಟವೆಂದರೆ, ಉತ್ತರ ಧ್ರುವಬಿಂದುವು ದಿಗಂತದಿಂದ ಕೇವಲ 12 ಡಿಗ್ರಿ ಮೇಲಿದೆ. ಬೆಂಗಳೂರಿನ ಬೆಳಕಿನ ಮಬ್ಬು ಹರಡುವುದು ಸರಿಸುಮಾರು ಅದೇ ದಿಕ್ಕಿನಲ್ಲಿ. ಹೀಗಾಗಿ ದೂರದರ್ಶಕದ ಮೌಂಟ್‌ ಅನ್ನು ಧ್ರುವಕ್ಕೆ ಸರಿಹೊಂದಿಸಲು ಇಲ್ಲಿ ಹೆಚ್ಚು ಹೊತ್ತು ಬೇಕಾಗುತ್ತದೆ. ಒಮ್ಮೆ ಹೊಂದಿಸಿದ ಮೇಲೆ ಅದನ್ನು ಕದಲಿಸದೆ ರಾತ್ರಿಯಿಡೀ ಬಳಸುವುದು ಅನಿವಾರ್ಯ.

ನಿರ್ಮಲ ರಾತ್ರಿಗಳೂ ಇಲ್ಲಿ ಮಿತ. ಜಿಲ್ಲೆಗೆ ನೈಋತ್ಯ ಮತ್ತು ಈಶಾನ್ಯ ಮಾರುತಗಳೆರಡರಿಂದಲೂ ಮಳೆಯಾಗುತ್ತದೆ. ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ ಮೋಡ ಹೆಚ್ಚು. ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಅವಧಿಯಲ್ಲಿ ಚಂದ್ರನಿಲ್ಲದ ರಾತ್ರಿಗಳನ್ನು ಎಣಿಸಿದರೆ ಉಳಿಯುವ ಸಂಖ್ಯೆ ಚಿಕ್ಕದು. ಬಿಳಿಗಿರಿರಂಗನ ಬೆಟ್ಟದ ಅರಣ್ಯವು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು; ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಕಾಡು 2013ರಲ್ಲಿ ವನ್ಯಜೀವಿಧಾಮವಾಯಿತು. ಆದಕಾರಣ ರಾತ್ರಿಯ ವೀಕ್ಷಣೆಗೆ ಕಾಡಿನಂಚಿನ ಊರುಗಳ ಮನೆಯ ತಾರಸಿ, ಶಾಲೆಯ ಅಂಗಳ, ತೋಟದ ಮನೆಗಳೇ ಸೂಕ್ತ ತಾಣಗಳು. ಅಲ್ಲಿನ ವಿದ್ಯುತ್ತು ಒಂದೋ ಗೃಹಬಳಕೆಯ ಏರಿಳಿತದ ಸರಬರಾಜು, ಇಲ್ಲವೇ ಬ್ಯಾಟರಿ. ಈ ಎರಡೂ ಸಂದರ್ಭಗಳಲ್ಲಿ ಮುಂದೆ ವಿವರಿಸುವ ದೋಷಗಳು ತಲೆದೋರಲು ಅವಕಾಶ ಹೆಚ್ಚು.

ಕಳೆದುಹೋದ ರಾತ್ರಿಗೆ ಪರಿಹಾರವಿಲ್ಲ. 2020ರ ಡಿಸೆಂಬರ್ 21ರಂದು ಗುರು ಮತ್ತು ಶನಿ ಗ್ರಹಗಳು ಆಕಾಶದಲ್ಲಿ ಒಂದು ಡಿಗ್ರಿಯ ಹತ್ತನೆಯ ಒಂದು ಭಾಗದಷ್ಟು ಸಮೀಪಕ್ಕೆ ಬಂದವು. ಅಂತಹ ಸಾಮೀಪ್ಯ ಮತ್ತೆ ಒದಗುವುದು 2080ರಲ್ಲಿ. ಕ್ಷುದ್ರಗ್ರಹವೊಂದು ನಕ್ಷತ್ರವನ್ನು ಮರೆಮಾಡುವ ಘಟನೆ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಆ ಕಾಲದ ಅಳತೆಯಿಂದ ಕ್ಷುದ್ರಗ್ರಹದ ಗಾತ್ರವನ್ನು ನಿರ್ಣಯಿಸಲು ಹವ್ಯಾಸಿಗಳ ದಾಖಲೆಗಳೇ ಆಧಾರ. ಆ ಸೆಕೆಂಡುಗಳಲ್ಲಿ ಸಂಪರ್ಕ ಕಡಿದುಹೋದರೆ ದಾಖಲೆಯೇ ಇಲ್ಲ. ಆದ್ದರಿಂದ ಕೇಬಲಿನ ವಿಚಾರವು ಕ್ಷುಲ್ಲಕವಾದುದಲ್ಲ. ಅದು ವೈಜ್ಞಾನಿಕ ದತ್ತಾಂಶದ ವಿಶ್ವಾಸಾರ್ಹತೆಯ ವಿಚಾರವೇ ಆಗಿದೆ.

ಒಂದು ಕೇಬಲ್, ಎರಡು ಹೊಣೆ

ಯುಎಸ್‌ಬಿ ವ್ಯವಸ್ಥೆಯ ಮೊದಲ ಆವೃತ್ತಿ ಪ್ರಕಟವಾದುದು 1996ರಲ್ಲಿ. ಇಂಟೆಲ್ ಸಂಸ್ಥೆಯಲ್ಲಿ ಇದರ ವಿನ್ಯಾಸದಲ್ಲಿ ಪ್ರಮುಖ ಪಾತ್ರ ವಹಿಸಿದವರಲ್ಲಿ ಭಾರತೀಯ ಮೂಲದ ಅಜಯ್ ಭಟ್ ಒಬ್ಬರು. ಕೀಲಿಮಣೆ, ಮೌಸ್, ಮುದ್ರಕಗಳಿಗೆಲ್ಲ ಬೇರೆ ಬೇರೆ ಸಾಕೆಟ್‌ಗಳಿದ್ದ ಕಾಲದಲ್ಲಿ ಒಂದೇ ಬಗೆಯ ಸಾಕೆಟ್ ಸಾಕೆಂಬುದು ಇದರ ಮೂಲ ಆಶಯ. ಮೇಜಿನ ಮೇಲಿನ ಉಪಕರಣಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಈ ವ್ಯವಸ್ಥೆಯನ್ನು ಇಬ್ಬನಿ ಬೀಳುವ ಬಯಲಿನಲ್ಲಿ, ತಿರುಗುವ ದೂರದರ್ಶಕದ ಮೇಲೆ ಬಳಸಲಾಗುತ್ತಿದೆ. ತೊಂದರೆಗಳ ಬೇರು ಇಲ್ಲಿದೆ.

ಯುಎಸ್‌ಬಿ ಕೇಬಲ್ ಎರಡು ಹೊಣೆಗಳನ್ನು ಹೊರುತ್ತದೆ. ಒಂದು ಜೊತೆ ತಂತಿ 5 ವೋಲ್ಟ್ ವಿದ್ಯುತ್ತನ್ನು ಒಯ್ಯುತ್ತದೆ. ಉಳಿದ ಜೊತೆಗಳು ಸಂದೇಶವನ್ನು ಒಯ್ಯುತ್ತವೆ. 2000ದಲ್ಲಿ ಬಂದ 2.0 ಆವೃತ್ತಿಯಲ್ಲಿ ಸಂದೇಶಕ್ಕೆ ಒಂದು ಜೊತೆ ತಂತಿಯಿದ್ದು, ವೇಗದ ಮಿತಿ ಸೆಕೆಂಡಿಗೆ 480 ಮೆಗಾಬಿಟ್. ಸಾಮಾನ್ಯ ಸಾಕೆಟ್ ನೀಡಬೇಕಾದ ಪ್ರವಾಹ 500 ಮಿಲಿಆಂಪಿಯರ್. 2008ರ 3.0 ಆವೃತ್ತಿಯಲ್ಲಿ ಸಂದೇಶಕ್ಕೆ ಮತ್ತೆರಡು ಜೊತೆ ಸೇರಿ ವೇಗ 5 ಗಿಗಾಬಿಟ್‌ಗೂ, ಪ್ರವಾಹ 900 ಮಿಲಿಆಂಪಿಯರ್‌ಗೂ ಏರಿದವು. ಕೇಬಲಿನ ಉದ್ದಕ್ಕೂ ಮಿತಿಯುಂಟು: 2.0 ಆವೃತ್ತಿಗೆ 5 ಮೀಟರ್; 3.0 ಆವೃತ್ತಿಗೆ ರೂಢಿಯಲ್ಲಿ 3 ಮೀಟರ್.

ಈ ಎರಡು ಹೊಣೆಗಳನ್ನು ಬೇರ್ಪಡಿಸಿ ನೋಡುವುದು ದೋಷ ನಿರ್ಣಯದ ಮೊದಲ ಹೆಜ್ಜೆ. ವಿದ್ಯುತ್ತಿನ ಕೊರತೆಯಿಂದ ಕ್ಯಾಮೆರಾ ಸ್ತಬ್ಧವಾಗುವುದೂ, ಸಂದೇಶ ಕಲುಷಿತವಾಗಿ ಗಣಕವು ಕ್ಯಾಮೆರಾವನ್ನು ಕೈಬಿಡುವುದೂ ಪರದೆಯ ಮೇಲೆ ಒಂದೇ ರೀತಿ ಕಾಣುತ್ತವೆ: ‘ಕ್ಯಾಮೆರಾ ಸಂಪರ್ಕದಲ್ಲಿಲ್ಲ’. ಆದರೆ ಅವುಗಳ ಚಿಕಿತ್ಸೆ ಬೇರೆ ಬೇರೆ.

ತಂತಿಯ ರೋಧ ಮತ್ತು ಶಿವನಸಮುದ್ರದ ಪಾಠ

ತಂತಿಯಲ್ಲಿ ಪ್ರವಾಹ ಹರಿಯುವಾಗ ಅದರ ರೋಧದಿಂದಾಗಿ ವಿಭವದ ಒಂದಂಶ ಮಾರ್ಗದಲ್ಲೇ ನಷ್ಟವಾಗುತ್ತದೆ. ಅಗ್ಗದ ಯುಎಸ್‌ಬಿ ಕೇಬಲ್‌ಗಳಲ್ಲಿ ವಿದ್ಯುತ್ ತಂತಿಯ ವ್ಯಾಸ ಅನೇಕ ವೇಳೆ 0.32 ಮಿಲಿಮೀಟರ್ ಮಾತ್ರ. ಅಷ್ಟು ತೆಳುವಾದ ತಾಮ್ರದ ರೋಧ ಮೀಟರಿಗೆ ಸುಮಾರು 0.21 ಓಮ್. 5 ಮೀಟರ್ ಕೇಬಲಿನಲ್ಲಿ ಪ್ರವಾಹವು ಹೋಗಿ ಬರುವ ದಾರಿ 10 ಮೀಟರ್. ಒಟ್ಟು ರೋಧ 2.1 ಓಮ್. ಅರ್ಧ ಆಂಪಿಯರ್ ಹರಿದರೆ ನಷ್ಟ 1 ವೋಲ್ಟಿಗೂ ಹೆಚ್ಚು. ಅಂದರೆ ಗಣಕದಿಂದ 5 ವೋಲ್ಟ್ ಹೊರಟರೂ ಕ್ಯಾಮೆರಾ ತಲುಪುವುದು 4 ವೋಲ್ಟಿಗಿಂತ ಕಡಿಮೆ. ತಂತಿಯ ವ್ಯಾಸ 0.51 ಮಿಲಿಮೀಟರ್ ಆದರೆ ಅದೇ ಉದ್ದದಲ್ಲಿ ನಷ್ಟ 0.42 ವೋಲ್ಟಿಗೆ ಇಳಿದು, ಕ್ಯಾಮೆರಾಕ್ಕೆ ಸುಮಾರು 4.6 ವೋಲ್ಟ್ ಸಿಗುತ್ತದೆ. ಕೇಬಲ್ ನೋಡಲು ದಪ್ಪವಿರುವುದು ಒಳಗಿನ ತಾಮ್ರಕ್ಕೆ ಸಾಕ್ಷಿಯಲ್ಲ. ಹೊರಗಿನ ಪ್ಲಾಸ್ಟಿಕ್ ಹೊದಿಕೆಯೂ ದಪ್ಪವಿರಬಹುದು.

ಈ ತತ್ತ್ವದ ಮಹತ್ತಾದ ನಿದರ್ಶನವೊಂದು ಕೊಳ್ಳೇಗಾಲದ ನೆರೆಯಲ್ಲೇ ಇದೆ. 1902ರಲ್ಲಿ ಶಿವನಸಮುದ್ರದ ಜಲವಿದ್ಯುದಾಗಾರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಸಾಗಿಸಲಾಯಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲೊಂದು. ಕೊಳ್ಳೇಗಾಲವು ಆಗ ಮೈಸೂರು ಸಂಸ್ಥಾನದಲ್ಲಿರದೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಷ್ಟು ದೂರಕ್ಕೆ ಕಡಿಮೆ ವಿಭವದಲ್ಲಿ ವಿದ್ಯುತ್ ಕಳುಹಿಸಿದ್ದರೆ ಅದರ ಬಹುಭಾಗ ತಂತಿಯನ್ನು ಬಿಸಿಮಾಡುವುದರಲ್ಲೇ ವ್ಯಯವಾಗುತ್ತಿತ್ತು. ಎಂಜಿನಿಯರುಗಳು ವಿಭವವನ್ನು ಹತ್ತಾರು ಸಾವಿರ ವೋಲ್ಟ್‌ಗಳಿಗೆ ಏರಿಸಿ, ಆ ಮೂಲಕ ಪ್ರವಾಹವನ್ನು ತಗ್ಗಿಸಿ, ಗಣಿಯ ಬಳಿ ಮತ್ತೆ ವಿಭವವನ್ನು ಇಳಿಸಿದರು. ಅದೇ ಸಾಮರ್ಥ್ಯವನ್ನು ಎರಡರಷ್ಟು ವಿಭವದಲ್ಲಿ ಕಳುಹಿಸಿದರೆ ಪ್ರವಾಹ ಅರ್ಧವಾಗುತ್ತದೆ, ಶಾಖರೂಪದ ನಷ್ಟ ಕಾಲುಭಾಗವಾಗುತ್ತದೆ.

147 ಕಿಲೋಮೀಟರಿಗೆ ಅನ್ವಯಿಸಿದ ನಿಯಮವು 5 ಮೀಟರಿಗೂ ಅನ್ವಯಿಸುತ್ತದೆ. ಎರಡೂವರೆ ವ್ಯಾಟ್ ಬೇಡುವ ಉಪಕರಣಕ್ಕೆ ಮೇಲೆ ಹೇಳಿದ ತೆಳು ತಂತಿಯಲ್ಲಿ 5 ವೋಲ್ಟ್ ಕಳುಹಿಸಿದರೆ ಶೇಕಡ 21ರಷ್ಟು ವಿಭವ ದಾರಿಯಲ್ಲೇ ನಷ್ಟ. ಅದೇ ಸಾಮರ್ಥ್ಯವನ್ನು 12 ವೋಲ್ಟಿನಲ್ಲಿ ಕಳುಹಿಸಿದರೆ ನಷ್ಟ ಶೇಕಡ 4ರೊಳಗೆ. ಆದ್ದರಿಂದ ಗಣಕದಿಂದ ಉದ್ದನೆಯ ಕೇಬಲಿನಲ್ಲಿ 5 ವೋಲ್ಟನ್ನು ಎಳೆದು ತರುವ ಬದಲು, 12 ವೋಲ್ಟನ್ನು ದೂರದರ್ಶಕದವರೆಗೆ ಒಯ್ದು, ಅಲ್ಲಿಯೇ ಇರಿಸಿದ ಸ್ವಂತ ವಿದ್ಯುತ್ ಮೂಲವುಳ್ಳ ಹಬ್‌ನಲ್ಲಿ 5 ವೋಲ್ಟಿಗೆ ಇಳಿಸಿ, ಅಲ್ಲಿಂದ ಕ್ಯಾಮೆರಾಕ್ಕೆ ಅರ್ಧ ಮೀಟರಿನ ಚಿಕ್ಕ ಕೇಬಲ್ ಕೊಡುವುದು ಯುಕ್ತ. ಸ್ವಂತ ವಿದ್ಯುತ್ ಮೂಲವಿಲ್ಲದ ಹಬ್ ತನ್ನ ಪ್ರತಿಯೊಂದು ಸಾಕೆಟ್‌ಗೆ 100 ಮಿಲಿಆಂಪಿಯರ್ ಮಾತ್ರ ನೀಡುವ ಭರವಸೆ ಕೊಡಬಲ್ಲದು. ಕ್ಯಾಮೆರಾಕ್ಕೆ ಅದು ಸಾಲದು.

ಶೈತ್ಯಕ ಮತ್ತು ಬ್ಯಾಟರಿ

ದೀರ್ಘಾವಧಿಯ ಚಿತ್ರಗ್ರಹಣದಲ್ಲಿ ಸಂವೇದಕದ ಶಾಖವೇ ಚಿತ್ರದಲ್ಲಿ ಕಲ್ಮಷವಾಗಿ ಕಾಣಿಸಿಕೊಳ್ಳುತ್ತದೆ. ಸುಮಾರು 6 ಡಿಗ್ರಿ ಸೆಲ್ಸಿಯಸ್ ಏರಿದಂತೆಲ್ಲ ಈ ಉಷ್ಣಜನ್ಯ ಪ್ರವಾಹ ಇಮ್ಮಡಿಯಾಗುತ್ತದೆ. ಇದನ್ನು ತಡೆಯಲು ಕ್ಯಾಮೆರಾದ ಒಳಗೆ ಪೆಲ್ಟಿಯರ್ ತತ್ತ್ವದ ಶೈತ್ಯಕವಿರುತ್ತದೆ. ಅದು ಸಂವೇದಕವನ್ನು ಸುತ್ತಲಿನ ಗಾಳಿಗಿಂತ 30ರಿಂದ 35 ಡಿಗ್ರಿಯಷ್ಟು ತಂಪಾಗಿಸಬಲ್ಲದು. ಇದಕ್ಕೆ ಬೇಕಾದ 2ರಿಂದ 3 ಆಂಪಿಯರ್ ಪ್ರವಾಹ ಯುಎಸ್‌ಬಿಯಿಂದ ದೊರೆಯದು. ಪ್ರತ್ಯೇಕವಾದ 12 ವೋಲ್ಟ್ ಪ್ಲಗ್ ಬೇಕು.

ಇಡೀ ವ್ಯವಸ್ಥೆಯ ಬೇಡಿಕೆಯನ್ನು ಅಂದಾಜಿಸುವುದು ಕಷ್ಟವಲ್ಲ. ಶೈತ್ಯಕಕ್ಕೆ 25 ವ್ಯಾಟ್, ಮೌಂಟಿಗೆ 10, ಮಸೂರದ ಮೇಲಿನ ಇಬ್ಬನಿ ತಡೆಯುವ ತಾಪಕಪಟ್ಟಿಗೆ 15, ಚಿಕ್ಕ ಗಣಕಕ್ಕೆ 10 ಎಂದು ಹಿಡಿದರೆ ಮೊತ್ತ 60 ವ್ಯಾಟ್. ಅಂದರೆ 12 ವೋಲ್ಟಿನಲ್ಲಿ 5 ಆಂಪಿಯರ್. ಎಂಟು ಗಂಟೆಯ ರಾತ್ರಿಗೆ 40 ಆಂಪಿಯರ್-ಗಂಟೆ. ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿಮಾಡುವುದು ಅದರ ಆಯುಸ್ಸಿಗೆ ಹಾನಿಕರವಾದ್ದರಿಂದ 80 ಆಂಪಿಯರ್-ಗಂಟೆಯ ಬ್ಯಾಟರಿ ಬೇಕಾಗುತ್ತದೆ. ಪೂರ್ಣವಾಗಿ ತುಂಬಿದಾಗ ಸುಮಾರು 12.7 ವೋಲ್ಟ್ ತೋರಿಸುವ ಈ ಬ್ಯಾಟರಿ, ಅರ್ಧ ಖಾಲಿಯಾದಾಗ 12.2ರ ಸುತ್ತ ಇರುತ್ತದೆ. ಹೊರೆ ಬಿದ್ದಾಗ ಇನ್ನೂ ಕುಸಿಯುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾದರೋ ತನ್ನ ಸಂಗ್ರಹದ ಬಹುಭಾಗ ಮುಗಿಯುವವರೆಗೂ 13 ವೋಲ್ಟಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಬೆಲೆ ಹೆಚ್ಚಾದರೂ ಇದು ಈ ಕೆಲಸಕ್ಕೆ ಹೆಚ್ಚು ಯೋಗ್ಯ.

ಇಲ್ಲಿಯೂ ತಂತಿಯ ಪಾತ್ರ ಗಮನಾರ್ಹ. ವಿದ್ಯುತ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ 0.75 ಚದರ ಮಿಲಿಮೀಟರಿನ ಜೋಡಿ ತಂತಿಯನ್ನು 5 ಮೀಟರ್ ಬಳಸಿದರೆ, 5 ಆಂಪಿಯರ್ ಹರಿಯುವಾಗ ನಷ್ಟ 1.3 ವೋಲ್ಟ್, ಬ್ಯಾಟರಿಯ 12.2 ವೋಲ್ಟ್ ಕ್ಯಾಮೆರಾದ ಬಳಿ 10.9 ಆಗುತ್ತದೆ. ಹಲವು ಕ್ಯಾಮೆರಾಗಳು 11 ವೋಲ್ಟಿಗಿಂತ ಕೆಳಗೆ ಸರಿಯಾಗಿ ಕೆಲಸ ಮಾಡವು. 2.5 ಚದರ ಮಿಲಿಮೀಟರಿನ ತಂತಿ ಬಳಸಿದರೆ ನಷ್ಟ 0.4 ವೋಲ್ಟ್ ಮಾತ್ರ. ಹೀಗೆ ಬ್ಯಾಟರಿ ಸರಿಯಿದ್ದೂ ತಂತಿಯಿಂದಾಗಿ ವ್ಯವಸ್ಥೆ ಕುಸಿಯುವ ಸಂಭವವಿದೆ.

ಅಳತೆಯನ್ನು ಹೊರೆಯಿರುವಾಗಲೇ ಮಾಡಬೇಕೆಂಬುದು ಮುಖ್ಯ. ಈ ಸೀಮೆಯ ರೈತರಿಗೆ ಇದು ಹೊಸ ಸಂಗತಿಯಲ್ಲ: ಪಂಪ್‌ಸೆಟ್ಟಿನ ಮೀಟರು ಸರಿಯಾದ ವೋಲ್ಟೇಜ್ ತೋರಿಸುತ್ತಿದ್ದು, ಮೋಟಾರು ಚಾಲೂ ಮಾಡಿದೊಡನೆ ಅದು ಕುಸಿದು ಸ್ಟಾರ್ಟರ್ ಬಿದ್ದುಹೋಗುವುದುಂಟು. ಕ್ಯಾಮೆರಾದ ವಿಚಾರದಲ್ಲೂ ಶೈತ್ಯಕ ಪೂರ್ಣ ಬಲದಲ್ಲಿ ನಡೆಯುತ್ತಿರುವಾಗ, ಕ್ಯಾಮೆರಾದ ಪ್ಲಗ್ಗಿನ ಬಳಿ ಮಲ್ಟಿಮೀಟರಿನಿಂದ ಅಳೆದ ವಿಭವವೇ ನಿಜವಾದ ವಿಭವ. ಮಾರ್ಚ್ ತಿಂಗಳ ಸೆಕೆಯ ರಾತ್ರಿಯಲ್ಲಿ ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಗುರಿಯನ್ನಿಟ್ಟರೆ ಶೈತ್ಯಕ ನಿರಂತರವಾಗಿ ಗರಿಷ್ಠ ಪ್ರವಾಹವನ್ನು ಸೆಳೆಯುತ್ತದೆ. ಸೊನ್ನೆ ಡಿಗ್ರಿಯ ಗುರಿಯನ್ನಿರಿಸಿ, ಹಂತಹಂತವಾಗಿ ತಂಪುಮಾಡಿದರೆ ಹೊರೆ ಇಳಿಯುತ್ತದೆ. ಚಿತ್ರದ ಗುಣದಲ್ಲಿ ಆಗುವ ನಷ್ಟ ಅಲ್ಪ.

ದತ್ತಾಂಶದ ಹರಿವು

ಎರಡನೆಯ ಹೊಣೆಯಾದ ಸಂದೇಶದತ್ತ ಗಮನ ಹರಿಸಬಹುದು. 2.6 ಕೋಟಿ ಚಿತ್ರಬಿಂದುಗಳ ಸಂವೇದಕವೊಂದು ಪ್ರತಿ ಬಿಂದುವಿಗೆ 16 ಬಿಟ್‌ನಂತೆ ಕಳುಹಿಸುವ ಒಂದು ಚಿತ್ರದ ಗಾತ್ರ ಸುಮಾರು 52 ಮೆಗಾಬೈಟ್. ಯುಎಸ್‌ಬಿ 2.0 ಮಾರ್ಗದಲ್ಲಿ ವಾಸ್ತವವಾಗಿ ಸಿಗುವ ವೇಗ ಸೆಕೆಂಡಿಗೆ 40 ಮೆಗಾಬೈಟ್‌ನಷ್ಟು. ಚಿತ್ರ ಇಳಿಯಲು ಒಂದೂವರೆ ಸೆಕೆಂಡಿನೊಳಗೆ ಸಾಕು. ಮೂರರಿಂದ ಐದು ನಿಮಿಷಗಳ ಕಾಲ ಒಂದೊಂದು ಚಿತ್ರವನ್ನು ತೆಗೆಯುವ ನೀಹಾರಿಕೆ, ತಾರಾಗುಚ್ಛಗಳ ವೀಕ್ಷಕನಿಗೆ ಈ ವಿಳಂಬ ಗಣನೀಯವಲ್ಲ. ಆದರೆ ಗ್ರಹಗಳ ಚಿತ್ರಗ್ರಹಣದಲ್ಲಿ ಸೆಕೆಂಡಿಗೆ ನೂರು ಚೌಕಟ್ಟುಗಳು ಬೇಕಾಗುತ್ತವೆ. ಹತ್ತು ಲಕ್ಷ ಬಿಂದುಗಳ ಚೌಕಟ್ಟಾದರೂ ಸೆಕೆಂಡಿಗೆ 100 ಮೆಗಾಬೈಟ್ ಹರಿಯಬೇಕು. ಅಲ್ಲಿ 3.0 ಮಾರ್ಗ ಅನಿವಾರ್ಯ.

ಈ ಭೇದದಿಂದ ಒಂದು ಉಪಯುಕ್ತ ಉಪಾಯ ಹೊರಡುತ್ತದೆ. 3.0 ಆವೃತ್ತಿಯ ಅತಿವೇಗದ ಸಂಕೇತಗಳು ಕೇಬಲಿನ ಉದ್ದ, ಪ್ಲಗ್ಗಿನ ಸಡಿಲತೆಗಳಿಗೆ ಬಹಳ ಬೇಗ ಕೆಡುತ್ತವೆ, 2.0 ಸಂಕೇತಗಳು ಹೆಚ್ಚು ಸಹಿಷ್ಣು. ದೀರ್ಘ ಚಿತ್ರಗ್ರಹಣದಲ್ಲಿ ಸಂಪರ್ಕ ಪದೇ ಪದೇ ಕಡಿಯುತ್ತಿದ್ದರೆ ಕ್ಯಾಮೆರಾವನ್ನು ಉದ್ದೇಶಪೂರ್ವಕವಾಗಿ 2.0 ಕೇಬಲಿನಲ್ಲಿ ನಡೆಸಿ ನೋಡಬೇಕು. ತೊಂದರೆ ನಿಂತರೆ ದೋಷ ವೇಗದ ಮಾರ್ಗದಲ್ಲಿತ್ತೆಂದು ತಿಳಿಯುತ್ತದೆ. ಜೊತೆಗೆ ಆ ರಾತ್ರಿಯ ಕೆಲಸವೂ ನಡೆಯುತ್ತದೆ. ಅರ್ಧ ಕಪ್ಪಾದ, ಅಡ್ಡಪಟ್ಟೆ ಬಿದ್ದ, ಹರಿದಂತೆ ಕಾಣುವ ಚಿತ್ರಗಳು ಹರಿವಿನ ದೋಷದ ಲಕ್ಷಣಗಳು. ಕ್ಯಾಮೆರಾದ ತಂತ್ರಾಂಶದಲ್ಲಿ ಯುಎಸ್‌ಬಿ ಹರಿವಿನ ಮಿತಿಯನ್ನು ತಗ್ಗಿಸುವ ಸೌಲಭ್ಯವಿದ್ದರೆ ಅದನ್ನೂ ಬಳಸಬಹುದು.

3.0 ಮಾರ್ಗದ ಸಂಕೇತಗಳು ಸುತ್ತಲಿನ ನಿಸ್ತಂತು ಸಂಪರ್ಕಕ್ಕೂ ಅಡ್ಡಿಯಾಗಬಲ್ಲವು. 2.4 ಗಿಗಾಹರ್ಟ್ಸ್ ತರಂಗಗಳ ಮೇಲೆ ಇವುಗಳ ಪರಿಣಾಮವನ್ನು ಇಂಟೆಲ್ ಸಂಸ್ಥೆಯೇ 2012ರಲ್ಲಿ ಪ್ರಕಟಿಸಿದೆ. ದೂರದರ್ಶಕದ ಮೇಲೆ ಚಿಕ್ಕ ಗಣಕವಿರಿಸಿ, ಮನೆಯೊಳಗಿನಿಂದ ವೈಫೈ ಮೂಲಕ ನಿಯಂತ್ರಿಸುವವರು ಕ್ಯಾಮೆರಾ ಚಾಲೂ ಆದೊಡನೆ ವೈಫೈ ಕ್ಷೀಣಿಸುವುದನ್ನು ಕಂಡರೆ ಕಾರಣವನ್ನು ಇಲ್ಲಿ ಹುಡುಕಬೇಕು. 5 ಗಿಗಾಹರ್ಟ್ಸ್ ವೈಫೈ, ಉತ್ತಮ ಲೋಹಕವಚದ ಕೇಬಲ್ ಇವು ಪರಿಹಾರಗಳು.

ಚಲನೆ, ಇಬ್ಬನಿ ಮತ್ತು ಭೂಸಂಪರ್ಕ

ಜರ್ಮನ್ ಮಾದರಿಯ ಮೌಂಟ್ ಮೇಲಿನ ದೂರದರ್ಶಕವು ಕಾಯವೊಂದು ಮಧ್ಯಾಹ್ನರೇಖೆಯನ್ನು ದಾಟುವಾಗ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಹೊರಳುತ್ತದೆ. ಆಗ ಜೋತುಬಿದ್ದ ಕೇಬಲ್ ಸೆಳೆತಕ್ಕೆ ಸಿಲುಕಿ ಪ್ಲಗ್ ಕೂದಲೆಳೆಯಷ್ಟು ಸರಿದರೂ ಸಂಪರ್ಕ ಕಡಿಯುತ್ತದೆ. ಕೇಬಲನ್ನು ಕ್ಯಾಮೆರಾದಿಂದ ಒಂದು ಗೇಣು ದೂರದಲ್ಲಿ ದೂರದರ್ಶಕದ ಮೈಗೇ ಕಟ್ಟಿ, ಎಳೆತದ ಭಾರ ಪ್ಲಗ್ಗಿನ ಮೇಲೆ ಬೀಳದಂತೆ ಮಾಡಬೇಕು. ಹಗಲಿನಲ್ಲಿ ಮೌಂಟನ್ನು ಎಲ್ಲ ದಿಕ್ಕುಗಳಿಗೂ ತಿರುಗಿಸಿ ಕೇಬಲ್ ಎಲ್ಲಿ ಸಿಕ್ಕಿಕೊಳ್ಳುತ್ತದೆಂದು ನೋಡಿಕೊಳ್ಳುವುದು ಕಾಲು ಗಂಟೆಯ ಕೆಲಸ.

ಬೆಟ್ಟದ ತಪ್ಪಲಿನ ಊರುಗಳಲ್ಲಿ ಚಳಿಗಾಲದ ಮುಂಜಾನೆ ಇಬ್ಬನಿ ಹೇರಳ. ತೇವ ಸೇರಿದ ಪ್ಲಗ್ಗುಗಳಲ್ಲಿ ಕ್ರಮೇಣ ಕಿಲುಬು ಹಿಡಿದು ಸಂಪರ್ಕದ ರೋಧ ಏರುತ್ತದೆ. ಹಬ್ ಮತ್ತು ಜೋಡಣೆಗಳನ್ನು ಚಿಕ್ಕ ಪೆಟ್ಟಿಗೆಯಲ್ಲಿ ಮುಚ್ಚಿಡುವುದು, ಕೇಬಲ್ ಪ್ಲಗ್ಗಿನೊಳಗೆ ಹೋಗುವ ಮುನ್ನ ಕೆಳಮುಖವಾಗಿ ಬಾಗಿ ನೀರು ತೊಟ್ಟಿಕ್ಕುವಂತೆ ಮಾಡುವುದು ಸರಳ ರಕ್ಷಣೆ. ಇಬ್ಬನಿ ತಡೆಯುವ ತಾಪಕಪಟ್ಟಿ ಮತ್ತೊಂದು ಬಗೆಯ ತೊಂದರೆಯನ್ನು ತರಬಲ್ಲದು. ಅದು ಪ್ರವಾಹವನ್ನು ಬಿಟ್ಟುಬಿಟ್ಟು ಸೆಳೆಯುವುದರಿಂದ ಕ್ಯಾಮೆರಾಕ್ಕೂ ಅದಕ್ಕೂ ಒಂದೇ ತೆಳು ತಂತಿಯಿದ್ದರೆ ಕ್ಯಾಮೆರಾದ ವಿಭವವೂ ಅದೇ ತಾಳದಲ್ಲಿ ಏರಿಳಿಯುತ್ತದೆ. ಎರಡಕ್ಕೂ ಬ್ಯಾಟರಿಯಿಂದಲೇ ಪ್ರತ್ಯೇಕ ತಂತಿ ಎಳೆಯಬೇಕು.

ಗಣಕವನ್ನು ಮನೆಯ ಸಾಕೆಟ್ಟಿನಿಂದಲೂ ಕ್ಯಾಮೆರಾವನ್ನು ಬೇರೊಂದು ಅಡಾಪ್ಟರಿನಿಂದಲೂ ನಡೆಸಿದಾಗ ಎರಡರ ಭೂವಿಭವ ಸಮನಾಗಿರದೆ, ಆ ಅಂತರವು ಯುಎಸ್‌ಬಿ ಕೇಬಲಿನ ಮೂಲಕವೇ ಸರಿಹೊಂದಲು ಯತ್ನಿಸುತ್ತದೆ. ದೂರದರ್ಶಕದ ಲೋಹಭಾಗವನ್ನು ಮುಟ್ಟಿದಾಗ ಬೆರಳಿಗೆ ಜುಂ ಎನ್ನುವುದು ಇದರ ಸೂಚನೆ. ಎರಡು ಕಡ್ಡಿಯ ಪ್ಲಗ್ಗುಗಳು, ಬೇಸಿಗೆಯಲ್ಲಿ ಒಣಗಿದ ಅರ್ತಿಂಗ್ ಗುಂಡಿ ಇವು ಸಮಸ್ಯೆಯನ್ನು ಹೆಚ್ಚಿಸುತ್ತವೆ. ಗಣಕವೂ ಕ್ಯಾಮೆರಾವೂ ಒಂದೇ ಬ್ಯಾಟರಿಯಿಂದ ನಡೆದರೆ ಇದು ಬಹುಮಟ್ಟಿಗೆ ಇಲ್ಲವಾಗುತ್ತದೆ.

ಗಣಕದ ನಿದ್ರೆ

ವಿದ್ಯುತ್ ಉಳಿಸುವ ಸಲುವಾಗಿ ವಿಂಡೋಸ್ ವ್ಯವಸ್ಥೆಯು ಬಳಕೆಯಲ್ಲಿಲ್ಲವೆಂದು ತನಗೆ ತೋರಿದ ಯುಎಸ್‌ಬಿ ಸಾಕೆಟ್‌ಗಳನ್ನು ತಾತ್ಕಾಲಿಕವಾಗಿ ಮಲಗಿಸುತ್ತದೆ. ಇದಕ್ಕೆ ಸೆಲೆಕ್ಟಿವ್ ಸಸ್ಪೆಂಡ್ ಎಂದು ಹೆಸರು. ಐದು ನಿಮಿಷ ಮೌನವಾಗಿ ಬೆಳಕನ್ನು ಸಂಗ್ರಹಿಸುತ್ತಿರುವ ಕ್ಯಾಮೆರಾ ಗಣಕದ ದೃಷ್ಟಿಯಲ್ಲಿ ನಿಷ್ಕ್ರಿಯವಾಗಿ ಕಾಣಬಹುದು. ವಿದ್ಯುತ್ ಆಯ್ಕೆಗಳಲ್ಲಿ ಈ ಸೌಲಭ್ಯವನ್ನು ನಿಲ್ಲಿಸುವುದಲ್ಲದೆ, ಡಿವೈಸ್ ಮ್ಯಾನೇಜರಿನಲ್ಲಿ ಪ್ರತಿಯೊಂದು ಹಬ್‌ಗೂ ಅದೇ ಅನುಮತಿಯನ್ನು ತೆಗೆದುಹಾಕಬೇಕು. ಲಿನಕ್ಸ್ ವ್ಯವಸ್ಥೆಯಲ್ಲಿ ಯುಎಸ್‌ಬಿ ವರ್ಗಾವಣೆಗೆ ಮೀಸಲಾದ ಸ್ಮೃತಿ ಮೂಲತಃ 16 ಮೆಗಾಬೈಟ್ ಮಾತ್ರ. 52 ಮೆಗಾಬೈಟಿನ ಚಿತ್ರಕ್ಕೆ ಅದು ಸಾಲದಿದ್ದರೆ ಮಿತಿಯನ್ನು ಹೆಚ್ಚಿಸಬೇಕಾಗುತ್ತದೆ.

ಸಮಯದಿಂದ ಕಾರಣದ ಕಡೆಗೆ

ಮೇಲಿನ ವಿವೇಚನೆಯಿಂದ ಒಂದು ಸೂತ್ರ ಹೊರಡುತ್ತದೆ: ದೋಷ ಯಾವಾಗ ತಲೆದೋರಿತೆಂಬುದು ಅದು ಏನೆಂಬುದನ್ನು ಬಹುಮಟ್ಟಿಗೆ ಹೇಳಿಬಿಡುತ್ತದೆ.

ಪ್ರಾರಂಭದಲ್ಲೇ ಗಣಕವು ಕ್ಯಾಮೆರಾವನ್ನು ಗುರುತಿಸದಿದ್ದರೆ ಚಾಲಕ ತಂತ್ರಾಂಶವನ್ನೂ ಕೇಬಲನ್ನೂ ಪರೀಕ್ಷಿಸಬೇಕು. ಮೊಬೈಲ್ ಅಂಗಡಿಗಳಲ್ಲಿ ಸಿಗುವ ಕೆಲವು ಕೇಬಲ್‌ಗಳು ಚಾರ್ಜಿಂಗಿಗೆ ಮಾತ್ರ ಇದ್ದು, ಅವುಗಳಲ್ಲಿ ಸಂದೇಶದ ತಂತಿಗಳೇ ಇರುವುದಿಲ್ಲ. ಶೈತ್ಯಕ ಚಾಲೂ ಆದ ಕೆಲವೇ ನಿಮಿಷಗಳಲ್ಲಿ ಸಂಪರ್ಕ ಕಡಿದರೆ 12 ವೋಲ್ಟ್ ಮಾರ್ಗ ದುರ್ಬಲವಾಗಿದೆ. ದೂರದರ್ಶಕ ಹೊರಳಿದಾಗ ಕಡಿದರೆ ಕೇಬಲಿನ ಸೆಳೆತ ಕಾರಣ. ಚಿತ್ರ ಇಳಿಯುವ ಕ್ಷಣದಲ್ಲಿ ಕಡಿದರೆ ಹರಿವಿನ ದೋಷ. ಚಿತ್ರಗ್ರಹಣದ ನಡುವಿನ ಮೌನದಲ್ಲಿ ಕಡಿದರೆ ಗಣಕದ ನಿದ್ರೆ. ಫೋಕಸ್ ಮೋಟಾರು ಅಥವಾ ತಾಪಕಪಟ್ಟಿ ಚಾಲೂ ಆದಾಗ ಕಡಿದರೆ ಹಂಚಿಕೊಂಡ ವಿದ್ಯುತ್ ಮೂಲವೇ ಹೊಣೆ. ಸಂಜೆಯಿಂದ ಸರಿಯಾಗಿದ್ದು ಬೆಳಗಿನ ಜಾವಕ್ಕೆ ಮಾತ್ರ ಕಡಿಯುತ್ತಿದ್ದರೆ ಬ್ಯಾಟರಿಯ ಕುಸಿತ ಅಥವಾ ಇಬ್ಬನಿ. ಇವೆರಡನ್ನು ಬೇರ್ಪಡಿಸಲು ಮರುರಾತ್ರಿ ತುಂಬಿದ ಬ್ಯಾಟರಿಯನ್ನು ಅದೇ ಹೊತ್ತಿಗೆ ಜೋಡಿಸಿ ನೋಡಿದರೆ ಸಾಕು.

ಪರೀಕ್ಷೆಯಲ್ಲಿ ಒಂದು ಬಾರಿಗೆ ಒಂದನ್ನೇ ಬದಲಿಸಬೇಕು. ಕೇಬಲ್, ಹಬ್, ಬ್ಯಾಟರಿಗಳನ್ನು ಒಟ್ಟಿಗೆ ಬದಲಿಸಿ ತೊಂದರೆ ನಿವಾರಣೆಯಾದರೆ ಯಾವುದು ಕಾರಣವೆಂಬುದು ತಿಳಿಯದೆ, ಮುಂದಿನ ಬಾರಿ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಕ್ಯಾಮೆರಾವನ್ನು ಹಬ್ ಇಲ್ಲದೆ, ಒಂದು ಮೀಟರಿನ ಒಳಗಿನ ಉತ್ತಮ ಕೇಬಲಿನಲ್ಲಿ ನೇರವಾಗಿ ಗಣಕಕ್ಕೆ ಜೋಡಿಸಿ ಮೊದಲ ಪರೀಕ್ಷೆ ನಡೆಸಬೇಕು. ಅದು ಸಫಲವಾದ ಮೇಲೆ ಹಬ್, ಉದ್ದ ಕೇಬಲ್, ಶೈತ್ಯಕ, ತಾಪಕಪಟ್ಟಿಗಳನ್ನು ಒಂದೊಂದಾಗಿ ಸೇರಿಸುತ್ತ ಬರಬೇಕು. ನೇರ ಜೋಡಣೆಯಲ್ಲೂ, ಬೇರೊಂದು ಗಣಕದಲ್ಲೂ ದೋಷ ಉಳಿದರೆ ಮಾತ್ರ ಕ್ಯಾಮೆರಾವನ್ನು ಶಂಕಿಸಲು ಆಧಾರವಿದೆ.

ಈ ಪರೀಕ್ಷೆಗೆ ಆಕಾಶವೇ ಬೇಕಿಲ್ಲ. ಕ್ಯಾಮೆರಾದ ಮುಚ್ಚಳ ಹಾಕಿ, ಐದೈದು ಸೆಕೆಂಡುಗಳ ಐನೂರು ಕತ್ತಲ ಚಿತ್ರಗಳನ್ನು ತೆಗೆಯುವಂತೆ ಗಣಕಕ್ಕೆ ಹೇಳಿದರೆ ಸುಮಾರು ಮುಕ್ಕಾಲು ಗಂಟೆಯ ಅವಧಿಯಲ್ಲಿ ಒಂದು ರಾತ್ರಿಗೆ ಬೇಕಾಗುವುದಕ್ಕಿಂತ ಹೆಚ್ಚು ಚಿತ್ರಗಳು ಮಾರ್ಗವನ್ನು ಹಾದು ಬರುತ್ತವೆ. ಇದನ್ನು ಮಳೆಗಾಲದ ಮೋಡದ ದಿನಗಳಲ್ಲಿ, ಕೋಣೆಯೊಳಗೆ, ಹೊಲದಲ್ಲಿ ಬಳಸುವ ಅದೇ ಬ್ಯಾಟರಿ ಮತ್ತು ಅದೇ ಕೇಬಲ್‌ಗಳೊಂದಿಗೆ ನಡೆಸಬಹುದು. ಪ್ರತಿ ಚಿತ್ರದ ಕಡತದಲ್ಲಿ ಕಾಲ, ಸಂವೇದಕದ ತಾಪ ದಾಖಲಾಗಿರುತ್ತವೆ. ಅದರೊಂದಿಗೆ ಗಂಟೆಗೊಮ್ಮೆ ಅಳೆದ ವಿಭವವನ್ನು ಪುಸ್ತಕದಲ್ಲಿ ಬರೆದಿಟ್ಟರೆ ದೋಷದ ಚರಿತ್ರೆ ತಾನಾಗಿಯೇ ಸ್ಪಷ್ಟವಾಗುತ್ತದೆ.

ಸಮಾರೋಪ

ವಿದ್ಯುತ್ತನ್ನು ತಲುಪಿಸುವುದು, ಸಂದೇಶವನ್ನು ತರುವುದು ಎಂಬ ಎರಡು ಕಾರ್ಯಗಳು ವೃತ್ತಿಪರ ವೇಧಶಾಲೆಗಳಿಗೂ ತಪ್ಪಿದ್ದಲ್ಲ. ಲಡಾಖಿನ ಹಾನ್ಲೆಯಲ್ಲಿರುವ ಭಾರತೀಯ ಖಭೌತವಿಜ್ಞಾನ ಸಂಸ್ಥೆಯ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಸಮೀಪದ ಹೊಸಕೋಟೆಯ ಕೇಂದ್ರದಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸಲಾಗುತ್ತದೆ. ಅಲ್ಲಿ ಸಾವಿರಾರು ಕಿಲೋಮೀಟರುಗಳ ಸಂಪರ್ಕಕ್ಕೆ ಕೊಡುವ ಎಚ್ಚರವನ್ನು ಹವ್ಯಾಸಿಯು ತನ್ನ ಐದು ಮೀಟರಿಗೂ ಕೊಡಬೇಕಾಗುತ್ತದೆ ಎಂಬಷ್ಟೇ ವ್ಯತ್ಯಾಸ.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಗೆ ದಕ್ಷಿಣಾಕಾಶದ ಅಪರೂಪದ ನೋಟ ದೊರೆತಿದೆ. ಕಾಡಿನ ಸಾಮೀಪ್ಯದಿಂದ ಕತ್ತಲೂ ಉಳಿದಿದೆ. ಈ ಸಂಪತ್ತನ್ನು ಶಾಲಾ ಕಾಲೇಜುಗಳ ವಿಜ್ಞಾನ ಸಂಘಗಳು ಬಳಸಿಕೊಳ್ಳಬೇಕಾದರೆ ದುಬಾರಿ ಉಪಕರಣಗಳಿಗಿಂತ ಮುಂಚಿತವಾಗಿ ಒಂದು ಮಲ್ಟಿಮೀಟರ್, ಯೋಗ್ಯ ದಪ್ಪದ ತಂತಿ, ಚಿಕ್ಕ ಕೇಬಲ್ ಮತ್ತು ದಾಖಲೆ ಪುಸ್ತಕ ಇವುಗಳ ಅಗತ್ಯವಿದೆ. ಓಮನ ನಿಯಮವನ್ನು ಪಠ್ಯದಲ್ಲಿ ಓದುವ ವಿದ್ಯಾರ್ಥಿಯು ಅದೇ ನಿಯಮವನ್ನು ಶಿವನಸಮುದ್ರದ ವಿದ್ಯುತ್ ಮಾರ್ಗದಲ್ಲೂ, ತೋಟದ ಪಂಪ್‌ಸೆಟ್ಟಿನಲ್ಲೂ, ದೂರದರ್ಶಕದ ಕೇಬಲಿನಲ್ಲೂ ಕಾಣುವಂತಾದರೆ, ಕ್ಯಾಮೆರಾ ಕಡಿದುಹೋಗುವ ತೊಂದರೆಯೇ ಭೌತವಿಜ್ಞಾನದ ಒಂದು ಪ್ರಯೋಗಪಾಠವಾಗಿ ಪರಿಣಮಿಸುತ್ತದೆ.